ಶೋಕಕ್ಕೆ ಕೂತವರು

ನವೆಂಬರ್ ೨, ೧೯೯೭, ಭಾನುವಾರ

ಓಲವಿ ಹೋದದ್ದು ಮಂಗಳವಾರ. ಅಂಗಡಿಯಿಂದ ಬಂದು, ಚೀಲ ಕೆಳಗಿಟ್ಟು, ಬೂಟು ಬಿಚ್ಚಲು ಬಗ್ಗಿದವನು ಮೇಲೇಳಲಿಲ್ಲ. ಆ ಚೀಲದಲ್ಲಿದ್ದ ಹಾಲು ಇನ್ನೂ ಫ್ರಿಜ್ಜಿನಲ್ಲೇ ಇದೆ. ಕೆಟ್ಟಿರಬೇಕು. ತೆಗೆದು ನೋಡಿಲ್ಲ.

ಮಣ್ಣು ಮಾಡುವುದು ಹದಿನೈದನೇ ತಾರೀಖಿನ ಶನಿವಾರವಂತೆ. ಅವನ ತಮ್ಮ ಎರ್ಕಿ ಚರ್ಚಿನಲ್ಲಿ ಮಾತಾಡಿಕೊಂಡು ಬಂದು ಹೇಳಿದ. ಅವರಲ್ಲಿ ಹಾಗೆಯೇ. ದೂರದ ನೆಂಟರೆಲ್ಲ ಬರಬೇಕು, ಎಲ್ಲರಿಗೂ ಬಿಡುವಿರುವ ಶನಿವಾರವೇ ಆಗಬೇಕು, ಅದಕ್ಕೆ ವಾರಗಟ್ಟಲೆ ಕಾಯುತ್ತಾರೆ. ನಾನು ಹೂಂ ಎಂದೆ. ಮೂವತ್ತು ವರ್ಷ ಅವನ ಜೊತೆ ಬಾಳಿ ಅವರ ಪದ್ಧತಿಗೆಲ್ಲ ಒಗ್ಗಿದ್ದೇನೆ ಎಂದುಕೊಂಡಿದ್ದೆ. ಆದರೆ ಓಲವಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ತಣ್ಣನೆಯ ಪೆಟ್ಟಿಗೆಯೊಳಗಿದ್ದಾನೆ. ನಾನು ಇಲ್ಲಿ ಕಾಫಿ ಕುಡಿಯುತ್ತಿದ್ದೇನೆ. ನಾವು ಯಹೂದಿಗಳು, ನಮ್ಮಪ್ಪನನ್ನು ಸತ್ತ ಮರುದಿನವೇ ಮಣ್ಣು ಮಾಡಿದ್ದರು.

ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ನೋಡಿದರೆ ಫೈಗಾ ಚಿಕ್ಕಮ್ಮ. ಒಡಹುಟ್ಟಿದ ಸಂಬಂಧವೇನಲ್ಲ, ಅಮ್ಮನ ಗೆಳತಿ. ಎಂಬತ್ತು ದಾಟಿದೆ. ಫಿನ್ಲೆಂಡಿನ ಈ ನಮ್ಮ ತುರ್ಕು ಊರಿನ ಯಹೂದಿ ಹೆಂಗಸರಲ್ಲಿ ಯಾರು ತೀರಿಕೊಂಡರೂ ಮೈ ತೊಳೆದು, ಉಡಿಸಿ ಕಳಿಸುವ ಗುಂಪಿಗೆ ಇವರೇ ಹಿರಿಯರು. ಅಮ್ಮ ಹೋದ ಮೇಲೆ ಈ ಹನ್ನೆರಡು ವರ್ಷ ನಮ್ಮಿಬ್ಬರ ನಡುವೆ ಮಾತೇ ಇಲ್ಲ. ಸಂತೆ ಚೌಕದಲ್ಲಿ ಎದುರಾದರೆ ತಲೆಯಾಡಿಸುವುದು, ಅಷ್ಟೇ.

ಒಳಗೆ ಬಂದರು, ಕೋಟು ಬಿಚ್ಚಿದರು, ಅಡುಗೆಮನೆಯಲ್ಲಿ ಕೂತರು. ಚೀಲದಿಂದ ಬೇಯಿಸಿದ ಮೊಟ್ಟೆ ತೆಗೆದು ಒಂದನ್ನು ಸುಲಿದು ನನ್ನ ಮುಂದೆ ಸರಿಸಿದರು. ಏನೂ ಹೇಳಲಿಲ್ಲ. ಬಹಳ ಹೊತ್ತು ಕೂತಿದ್ದು ಎದ್ದು ಹೋದರು.

ಯಾರು ಕರೆದಿದ್ದರು ಇವರನ್ನು? ಆ ಜನಕ್ಕೆ ಸಾವಿನ ವಾಸನೆ ಬಡಿದರೆ ಸಾಕು, ಬಂದೇ ಬಿಡುತ್ತಾರೆ.

ನವೆಂಬರ್ ೪, ಮಂಗಳವಾರ

ಮತ್ತೆ ಬಂದಿದ್ದರು. ನಿನ್ನೆಯೂ. ಇವತ್ತು ನನಗೆ ತಡೆಯಲಾಗಲಿಲ್ಲ. ದಿನಾ ಬಂದು ಹೀಗೆ ಮೂಗರ ಹಾಗೆ ಕೂರುವುದಕ್ಕೆ ಏನರ್ಥ ಎಂದು ಕೇಳಿದೆ. ಅವರು ಬೇಸರಿಸಲಿಲ್ಲ. ಸತ್ತವರು ಇನ್ನೂ ಮಣ್ಣಾಗದಿರುವಾಗ ಮನೆಯವರಿಗೆ ಸಮಾಧಾನ ಹೇಳಬಾರದು ಎಂದು ನಮ್ಮ ಹಿರಿಯರ ಮಾತಂತೆ. ಅದಕ್ಕೇ ಬಾಯಿ ಬಿಡುತ್ತಿಲ್ಲವಂತೆ. ಮಾತಾಡಬಾರದು ಎಂದಿದೆಯೇ ಹೊರತು ಬರಬಾರದು ಎಂದಿಲ್ಲವಲ್ಲ ಎಂದರು.

"ಓಲವಿ ನಿಮ್ಮವನಲ್ಲವಲ್ಲ ಚಿಕ್ಕಮ್ಮ," ಎಂದೆ.

"ನೀನು ನಮ್ಮವಳಲ್ವೇನೇ?"

ಮೊಟ್ಟೆಯ ಸಿಪ್ಪೆ ಬಾಚಿ ಕಸದ ಬುಟ್ಟಿಗೆ ಹಾಕಿದೆ.

ಓಲವಿ ಲೂಥರನ್ ಚರ್ಚಿನವನು, ಸ್ಟಾಕ್‌ಹೋಮಿಗೆ ಹೋಗುವ ಹಡಗಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವನು. ನಾವು ಸರ್ಕಾರಿ ಕಚೇರಿಗೆ ಹೋಗಿ ಮದುವೆಯಾದಾಗ ನಮ್ಮ ಯಹೂದಿ ಸಭಾಮಂದಿರದ ಕಡೆಯಿಂದ ಒಬ್ಬರಾದರೂ ಬಂದಿದ್ದರೇ? ಅಮ್ಮ ಒಬ್ಬಳೇ, ನೀಲಿ ಟೋಪಿ ಹಾಕಿಕೊಂಡು ಕೊನೆಯ ಕುರ್ಚಿಯಲ್ಲಿ ಕೂತಿದ್ದಳು. ಚಿಕ್ಕಂದಿನಲ್ಲಿ ಆ ಜನರ ಮಡಿಲಲ್ಲೇ ಮಲಗಿ ಬೆಳೆದವಳು ನಾನು. ಪ್ರಾರ್ಥನೆ ಮುಗಿಯುವವರೆಗೆ ಯಾರ ಕೋಟಿನ ಮೇಲೆ ನಿದ್ದೆ ಹೋಗುತ್ತಿದ್ದೆನೋ ಗೊತ್ತೇ ಆಗುತ್ತಿರಲಿಲ್ಲ. ಮದುವೆಯ ಬೆಳಿಗ್ಗೆ ಅವರಲ್ಲಿ ಒಬ್ಬರಿಗೂ ಮೆಟ್ಟಿಲು ಹತ್ತುವ ದಾರಿ ಕಾಣಲಿಲ್ಲ.

ನವೆಂಬರ್ ೯, ಭಾನುವಾರ

ಹಾಲನ್ನು ಚೆಲ್ಲಿದೆ.

ನವೆಂಬರ್ ೧೫, ಶನಿವಾರ

ಆಯಿತು.

ಬೆಳಿಗ್ಗೆಯಿಂದ ಹಿಮ ಬೆರೆತ ಮಳೆ. ಚರ್ಚಿನೊಳಗೆ ಎರ್ಕಿಯ ಹೆಂಡತಿ ನನ್ನ ತೋಳು ಹಿಡಿದುಕೊಂಡಿದ್ದಳು. ಪಾದ್ರಿ ಒಳ್ಳೆಯ ಮನುಷ್ಯ, ಆದರೆ ಓಲವಿಯನ್ನು ಕಂಡವನಲ್ಲ. ಯಾರದೋ ಒಳ್ಳೆಯ ಗುಣಗಳನ್ನು ಕೇಳಿದ ಹಾಗಾಯಿತು. ಜನ ಬೇಕಾದಷ್ಟಿದ್ದರು. ಹಡಗಿನವರು ಸಮವಸ್ತ್ರದಲ್ಲಿ ಬಂದು ಪೆಟ್ಟಿಗೆ ಹೊತ್ತರು. ಎಲ್ಲರೂ ಗಂಭೀರವಾಗಿ ಕೈ ಕುಲುಕಿದರು. ಯಾರಿಗೂ ನನ್ನ ಹತ್ತಿರ ಹೇಗೆ ನಿಲ್ಲಬೇಕೆಂದು ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಗುಂಡಿಯ ಹತ್ತಿರ ಹೋದಾಗ ಸ್ವಲ್ಪ ಆಚೆ, ಒಂದು ಬರ್ಚ್ ಮರದ ಕೆಳಗೆ ಫೈಗಾ ಚಿಕ್ಕಮ್ಮ ನಿಂತಿದ್ದರು. ಕೊಡೆ ಇಲ್ಲ. ಶನಿವಾರ ನಮ್ಮವರ ಸಬ್ಬತ್, ವಿಶ್ರಾಂತಿಯ ದಿನ, ಕೊಡೆ ಬಿಚ್ಚುವಂತಿಲ್ಲ, ವಾಹನ ಹತ್ತುವಂತಿಲ್ಲ. ನದಿಯಾಚೆಯ ಮನೆಯಿಂದ ಅಲ್ಲಿಯವರೆಗೆ, ಆ ವಯಸ್ಸಿನಲ್ಲಿ, ನಡೆದೇ ಬಂದಿದ್ದರು. ತಲೆಯ ವಸ್ತ್ರದಿಂದ ನೀರು ತೊಟ್ಟಿಕ್ಕುತ್ತಿತ್ತು.

ಎಲ್ಲರೂ ಹೂ ಹಾಕಿ ಸರಿದ ಮೇಲೆ ಹತ್ತಿರ ಬಂದರು. ಗುಂಡಿಯೊಳಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಮದುವೆಗೆ ಬರಲಿಲ್ಲ," ಎಂದರು. "ಮಣ್ಣಿಗಾದರೂ ಬರಬೇಡ್ವಾ."

ಎರ್ಕಿ ಅವರನ್ನು ಕಾರಿನಲ್ಲಿ ಬಿಡುತ್ತೇನೆಂದ. ಅವರು ಬೇಡವೆಂದು ತಲೆಯಾಡಿಸಿದರು. ಚರ್ಚಿನ ಸಭಾಂಗಣದಲ್ಲಿ ನೆಂಟರೆಲ್ಲ ಕಾಫಿಗೆ ಕಾಯುತ್ತಿದ್ದರು. ನಾನು ಎರ್ಕಿಗೆ ನೀವು ನಡೆಸಿ, ಬರುತ್ತೇನೆ ಎಂದು ಹೇಳಿ ಚಿಕ್ಕಮ್ಮನ ಜೊತೆ ಹೊರಟೆ. ಅವರ ಹೆಜ್ಜೆ ಚಿಕ್ಕದು, ದಾರಿ ಮುಗಿಯಲೇ ಇಲ್ಲ. ಸೇತುವೆಯ ಮೇಲೆ ಉಸಿರು ಕಟ್ಟಿ ನಿಂತರು. ಬೈದೆ. ಈ ಮಳೆಯಲ್ಲಿ ಬರುವ ಹುಚ್ಚು ಏನಿತ್ತು ಎಂದೆ. ಅವರು ಕೆಳಗಿನ ನೀರು ನೋಡುತ್ತ, ನೀನು ನಿಮ್ಮಮ್ಮನ ಹಾಗೇ ಬೈತೀಯ ಎಂದರು.

ಅವರನ್ನು ಮನೆ ಸೇರಿಸಿ ವಾಪಸು ಬರುವಾಗ ಅತ್ತೆ. ಬೀದಿಯಲ್ಲಿ ಯಾರೂ ಇರಲಿಲ್ಲ, ಒಳ್ಳೆಯದಾಯಿತು.

ನವೆಂಬರ್ ೧೮, ಮಂಗಳವಾರ

ಮನೆ ತುಂಬ ಜನ. ಭಾನುವಾರ ಫೈಗಾ ಚಿಕ್ಕಮ್ಮ ಬಂದವರೇ ಕಾಲಿಡುವ ಪುಟ್ಟ ಸ್ಟೂಲನ್ನು ಎಳೆದು, ಇದರ ಮೇಲೆ ಕೂತ್ಕೋ ಎಂದರು. ಶೋಕದ ವಾರ ನೆಲಕ್ಕೆ ಹತ್ತಿರವಾಗಿ ಕೂರುವುದು ನಮ್ಮ ಕಡೆಯ ಪದ್ಧತಿ. ನಾನು ಕೂರಲಿಲ್ಲ. ಆಮೇಲೆ ಕಾಲು ಸೋತಿತು, ಕೂತೆ.

ಬೆಟ್ಟಿ ಬಂದಳು. ಔಷಧದಂಗಡಿ ನಡೆಸಿ ನಿವೃತ್ತಳಾದವಳು, ಮೊಣಕಾಲು ಎರಡೂ ಹೋಗಿವೆ. ಮೂರು ಮಹಡಿ ಹತ್ತಿ ಬಂದು ಕಾಲುಗಂಟೆ ಬರೀ ಉಸಿರೆಳೆದುಕೊಂಡಳು. ನೀನಾ ಎಂಬ ಹೆಂಗಸು ಬಂದಳು. ಪೀಟರ್ಸ್‌ಬರ್ಗಿನಿಂದ ಬಂದು ಕೆಲವು ವರ್ಷವಾಗಿದೆಯಂತೆ, ಕೂದಲು ಕತ್ತರಿಸುವ ಕೆಲಸ, ನಮ್ಮ ಫಿನ್ನಿಷ್ ಭಾಷೆಯನ್ನು ಒಂದೊಂದೇ ಕಲ್ಲು ಇಟ್ಟ ಹಾಗೆ ಆಡುತ್ತಾಳೆ. ರಾಫೇಲ್ ಬಂದ. ಮೊದಲು ತುಪ್ಪಳದ ಕೋಟು ಹೊಲಿಯುತ್ತಿದ್ದ. ಈಗ ಸಭಾಮಂದಿರದ ಬೀಗದಕೈ ಅವನ ಬಳಿ ಇರುತ್ತದೆ, ಧರ್ಮಗುರು ರಬ್ಬಿ ಇಲ್ಲದ ದಿನ ಪ್ರಾರ್ಥನೆಯನ್ನೂ ನಡೆಸುತ್ತಾನೆ. ಬೀನ್ಸ್ ಹಾಕಿದ ಬಾರ್ಲಿ ಸೂಪು ನಾಲ್ಕು ಪಾತ್ರೆ ಬಂತು. ಯಾರದ್ದು ರುಚಿ ಎಂದು ನನ್ನ ತಲೆಯ ಮೇಲೇ ಜಗಳವಾಡಿದರು. ನನಗೆ ರುಚಿಯೇ ತಿಳಿಯುತ್ತಿಲ್ಲ.

ರಾಫೇಲ್ ಸ್ವಲ್ಪ ಅಳುಕುತ್ತಲೇ ಒಂದು ಮಾತು ತೆಗೆದ. ಬೇರೆ ಧರ್ಮದ ಗಂಡನಿಗಾಗಿ ಹೀಗೆ ಕೂರುವುದು ಕಾಯಿದೆಯಲ್ಲಿ ಉಂಟೋ ಇಲ್ಲವೋ, ಹೆಲ್ಸಿಂಕಿಯ ರಬ್ಬಿಯನ್ನು ಒಂದು ಮಾತು ಕೇಳಬಹುದಿತ್ತು ಎಂದ. ಚಿಕ್ಕಮ್ಮ ಸೂಪಿನ ಸೌಟು ಕೆಳಗಿಟ್ಟರು.

"ಕಾಯಿದೆ ಕೇಳಿದ್ರೆ ಕಾಯಿದೆ ಸಿಗ್ತದೆ ರಾಫೇಲ್. ನಾನು ಕೇಳಿಲ್ಲ. ನೀನು ಸೂಪು ಕುಡಿ."

ಕುಡಿದ. ಕುಡಿಯುವಾಗ ಅವನ ಕೆಳಗಿನ ಹಲ್ಲುಸೆಟ್ಟು ಟಕಟಕ ಎನ್ನುತ್ತಿತ್ತು. ಇಪ್ಪತ್ತೈದು ವರ್ಷ ಹಲ್ಲುಸೆಟ್ಟು ಮಾಡಿಕೊಂಡೇ ಬದುಕಿದವಳು ನಾನು. ಗಂಡ ಸತ್ತ ದುಃಖದ ನಡುವೆಯೂ ಆ ಸದ್ದು ಕೇಳಿ ಕೈ ತುರಿಸಿತು. ನಾಚಿಕೆಯಾಯಿತು.

ನವೆಂಬರ್ ೨೭, ಗುರುವಾರ

ಕೆಲಸಕ್ಕೆ ಹೋಗುತ್ತಿದ್ದೇನೆ. ಸಂಜೆ ಮೆಟ್ಟಿಲು ಹತ್ತುವಾಗ, ಇವತ್ತು ಯಾರಾದರೂ ಇರುತ್ತಾರೇನೋ ಎಂದು ಬಾಗಿಲ ಮುಂದೆ ಒಂದು ಕ್ಷಣ ನಿಲ್ಲುತ್ತೇನೆ. ಯಾರೂ ಇರುವುದಿಲ್ಲ. ವಾರ ಮುಗಿಯಿತು, ಅವರ ಕೆಲಸವೂ ಮುಗಿಯಿತು. ಓಲವಿಯ ಕೋಟು ಗೂಟದಲ್ಲಿದೆ. ಎಣ್ಣೆ ವಾಸನೆ ಕಮ್ಮಿಯಾಗುತ್ತ ಬಂದಿದೆ.

ಪಾತ್ರೆಗಳು ಹಾಗೇ ಉಳಿದಿವೆ. ಯಾರದ್ದು ಯಾವುದು ಗೊತ್ತಿಲ್ಲ.

ಡಿಸೆಂಬರ್ ೪, ಗುರುವಾರ

ಪಾತ್ರೆ ಕೊಟ್ಟು ಬರೋಣವೆಂದು ಸಭಾಮಂದಿರಕ್ಕೆ ಹೋಗಿದ್ದೆ. ಹೊರಬಾಗಿಲಲ್ಲೇ ಇಟ್ಟು ಬರಬೇಕೆಂದಿದ್ದೆ. ಅಡುಗೆಮನೆಯಲ್ಲಿ ಬೆಟ್ಟಿ ಒಬ್ಬಳೇ ಒಂದು ಮೂಟೆ ಆಲೂಗಡ್ಡೆ ಇಟ್ಟುಕೊಂಡು ಕೂತಿದ್ದಳು, ನಾಳೆ ಹಿರಿಯರ ಊಟವಂತೆ. ನನ್ನ ಮುಖವನ್ನೂ ನೋಡದೆ ಚಾಕು ಚಾಚಿದಳು. ಸಿಪ್ಪೆ ಇಷ್ಟು ದಪ್ಪ ತೆಗೆಯಬೇಡ ಎಂದು ಬೈದಳು. ಮೂಟೆ ಮುಗಿಯುವಾಗ ಕತ್ತಲಾಗಿತ್ತು.

ರಾಫೇಲ್ ಬಾಗಿಲು ಹಾಕಲು ಬಂದ. ಆ ಹಲ್ಲು ಬಿಚ್ಚಿ ಕೊಡು ಎಂದೆ. ಇಲ್ಲೇನಾ ಎಂದ. ಹೂಂ, ಇಲ್ಲೇ. ಕರವಸ್ತ್ರದಲ್ಲಿ ಸುತ್ತಿ ಕೊಟ್ಟ, ಬೊಚ್ಚುಬಾಯಲ್ಲಿ ಏನೋ ಹೇಳಿದ, ಬೆಟ್ಟಿ ನಕ್ಕಳು. ಅವನಿಗೆ ಎರಡು ದಿನ ಗಂಜಿಯೇ ಗತಿ. ಸಬ್ಬತ್ ಪ್ರಾರ್ಥನೆಯನ್ನು ಬೇರೆ ಯಾರಾದರೂ ನಡೆಸಲಿ ಎಂದಳು ಬೆಟ್ಟಿ, ಇವನು ಹಾಡಿದರೆ ದೇವರಿಗೂ ಅರ್ಥವಾಗುವುದಿಲ್ಲ.

ಡಿಸೆಂಬರ್ ೧೧, ಗುರುವಾರ

ಫೈಗಾ ಚಿಕ್ಕಮ್ಮ ಇವತ್ತು ಬಂದದ್ದು ಒಂದು ಮಾತು ಕೇಳಲು. ಮೈ ತೊಳೆಯುವ ಗುಂಪಿನಲ್ಲಿ ಈಗ ಅವರು, ಬೆಟ್ಟಿ, ನೀನಾ ಅಷ್ಟೇ ಉಳಿದಿದ್ದಾರಂತೆ. ಇನ್ನೊಬ್ಬಳು ಮಗಳ ಮನೆಗೆಂದು ಹೆಲ್ಸಿಂಕಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು. ನೀನು ಬರ್ತೀಯಾ ಎಂದರು.

ನನ್ನಿಂದಾಗದು ಎಂದೆ. ಹೆದರಿಕೆಯೇ ಎಂದು ಕೇಳಿದರು. ಹೆದರಿಕೆಯಲ್ಲ. ಆಮೇಲೆ ಅದು ಬಾಯಿಂದ ಬಂದೇ ಬಿಟ್ಟಿತು. ಓಲವಿಯ ಮೈಗೆ ಕೊನೆಯ ನೀರು ಹಾಕಿದವರು ಯಾರು ಎಂದೇ ನನಗೆ ಗೊತ್ತಿಲ್ಲ. ಆಸ್ಪತ್ರೆಯವರೋ, ಪೆಟ್ಟಿಗೆ ಅಂಗಡಿಯವರೋ. ಎರ್ಕಿ ಒಂದು ಸೂಟು ಕೊಟ್ಟುಬಂದ, ಮುಚ್ಚಿದ ಪೆಟ್ಟಿಗೆ ಬಂತು. ನನ್ನ ಗಂಡನಿಗೇ ಮಾಡದ್ದನ್ನು ಗುರುತಿಲ್ಲದವರಿಗೆ ಹೋಗಿ ಮಾಡಲೇ?

ನಿಮ್ಮಮ್ಮನನ್ನು ನಾನೇ ತೊಳೆದೆ ಎಂದರು ಚಿಕ್ಕಮ್ಮ. ನಾನು ಆಗ ಓಲವಿಯ ಜೊತೆ ಹಡಗಿನಲ್ಲಿದ್ದೆ. ತಲುಪುವ ಹೊತ್ತಿಗೆ ಎಲ್ಲ ಆಗಿ ಹೋಗಿತ್ತು. ನಿಮ್ಮಮ್ಮನ ಎಡಮೊಣಕೈಯಲ್ಲಿ ಸುಟ್ಟ ಕಲೆ ಇತ್ತಲ್ಲ, ಅದರ ಮೇಲೆ ನೀರು ಹಾಕುವಾಗ ಉಗುರುಬೆಚ್ಚಗಿದೆಯೋ ಇಲ್ಲವೋ ಎಂದು ಮತ್ತೊಮ್ಮೆ ನೋಡಿದೆ ಎಂದರು. ಸತ್ತವರಿಗೆ ಸುಡುವುದಿಲ್ಲ, ಗೊತ್ತು, ಆದರೂ ನೋಡಿದೆ.

ಅಮ್ಮನ ಆ ಕಲೆ ನನಗೆ ಮರೆತೇ ಹೋಗಿತ್ತು.

ಆಗುವುದಿಲ್ಲ ಎಂದೇ ಹೇಳಿ ಕಳಿಸಿದೆ. ಹೋಗುವಾಗ ಅವರ ಮೇಲಿನ ಹಲ್ಲುಸೆಟ್ಟು ಸಡಿಲಾಗಿದ್ದು ಕಂಡು ಹೊಸದು ಮಾಡಿಕೊಡುತ್ತೇನೆಂದೆ. ಬೇಡ, ಇನ್ನೇನು ಅಗಿಯೋದಿದೆ ಎಂದರು.

ಡಿಸೆಂಬರ್ ೨೪, ಬುಧವಾರ

ಮಧ್ಯಾಹ್ನ ಹನ್ನೆರಡಕ್ಕೆ ಹಳೆಯ ಚೌಕದಲ್ಲಿ ಮಾಳಿಗೆಯ ಮೇಲಿಂದ ಕ್ರಿಸ್‌ಮಸ್ ಶಾಂತಿಯ ಘೋಷಣೆ ಓದುತ್ತಾರೆ. ಓಲವಿ ಊರಲ್ಲಿದ್ದ ವರ್ಷವೆಲ್ಲ ಇಬ್ಬರೂ ಹೋಗಿ ನಿಲ್ಲುತ್ತಿದ್ದೆವು. ಇವತ್ತು ಒಬ್ಬಳೇ ಹೋದೆ. ಜನ ಹಾಡಿದರು, ನಾನು ನನ್ನ ಕೈಗವಸು ನೋಡುತ್ತ ನಿಂತೆ. ಮುಗಿದ ಮೇಲೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಒಳಗೆ ಹೋಯಿತು. ಇಂಥ ದಿನ ಬೀದಿಯಲ್ಲಿ ಉಳಿದವರು ಯಾರೆಂದರೆ ಯಾರೂ ಇಲ್ಲದವರು.

ಚಿಕ್ಕಮ್ಮನ ಮನೆಗೆ ಹೋದೆ. ನಮ್ಮ ಯಹೂದಿಗಳ ದೀಪದ ಹಬ್ಬದ ಎರಡನೇ ಸಂಜೆ. ನೀನಾ ಆಲೂಗಡ್ಡೆ ತುರಿದು ಎಣ್ಣೆಯಲ್ಲಿ ಕರಿಯುತ್ತಿದ್ದಳು, ರಾಫೇಲ್ ಹೊಸದಾಗಿ ಸರಿಮಾಡಿದ ಹಲ್ಲಿನಲ್ಲಿ ಮಂತ್ರ ಹೇಳಿದ. ಈಗ ಒಂದೊಂದು ಅಕ್ಷರವೂ ಕೇಳಿಸುತ್ತದೆ. ಚಿಕ್ಕಮ್ಮ ಬೆಂಕಿಕಡ್ಡಿ ನನಗೆ ಚಾಚಿ, ದೀಪ ನನ್ನ ಕೈಯಲ್ಲಿ ಹಚ್ಚಿಸಿದರು. ಬೆಟ್ಟಿ ತಟ್ಟೆ ತುಂಬಿಸುತ್ತಲೇ ಇದ್ದಳು.

ಓಲವಿಗೆ ಕರಿದದ್ದು ಇಷ್ಟ. ವರ್ಷಕ್ಕೊಮ್ಮೆ ನಾನು ಮಾಡುತ್ತಿದ್ದೆ, ಯಾಕೆ ಎಂದು ಅವನು ಎಂದೂ ಕೇಳಲಿಲ್ಲ.

ಜನವರಿ ೧೩, ೧೯೯೮, ಮಂಗಳವಾರ

ಚಿಕ್ಕಮ್ಮ ಆಸ್ಪತ್ರೆಯಲ್ಲಿದ್ದಾರೆ. ಹೃದಯ. ಡಾಕ್ಟರು ಹೆಚ್ಚಿಗೆ ಏನೂ ಹೇಳಲಿಲ್ಲ, ಹೇಳುವುದೇನೂ ಇಲ್ಲವೆಂದೇ ಅರ್ಥ. ಸರದಿಯ ಮೇಲೆ ಕೂರುತ್ತಿದ್ದೇವೆ. ಬೆಳಿಗ್ಗೆ ಬೆಟ್ಟಿ, ಮಧ್ಯಾಹ್ನ ರಾಫೇಲ್, ಕೆಲಸ ಮುಗಿಸಿಕೊಂಡು ನಾನು, ಆಮೇಲೆ ನೀನಾ.

ಇವತ್ತು ಎಚ್ಚರವಾಗಿದ್ದರು. ನರ್ಸು ಬಂದು ಹತ್ತಿರದ ಸಂಬಂಧಿಕರು ಯಾರು ಎಂದು ಕೇಳಿದಳು. ಯಾರೂ ಇಲ್ಲ ಎಂದರು ಚಿಕ್ಕಮ್ಮ, ಕೇಳಿದ್ದು ಗಂಟೆ ಎಷ್ಟು ಎಂಬ ಹಾಗೆ. ಗಂಡ ಯಾವಾಗಲೋ ಹೋದರು, ಮಕ್ಕಳಾಗಲಿಲ್ಲ, ಅಣ್ಣತಮ್ಮಂದಿರು ಯಾರೂ ಉಳಿದಿಲ್ಲ. ನರ್ಸು ಹೋದ ಮೇಲೆ ನನ್ನ ಕಡೆ ತಿರುಗಿದರು.

"ಒಂದು ಲೆಕ್ಕಕ್ಕೆ ವಾಸಿ ಕಣೇ. ನಾನು ಹೋದ್ರೆ ಯಾರೂ ಏಳು ದಿನ ನೆಲಕ್ಕೆ ಕೂರಬೇಕಾಗಿಲ್ಲ. ಯಾರಿಗೂ ಸೊಂಟ ನೋಯಲ್ಲ."

ನಗಬೇಕೆಂದು ಹೇಳಿದ್ದು. ನನಗೆ ನಗು ಬರಲಿಲ್ಲ. ಅವರ ಕಾಲು ಹೊದಿಕೆಯಿಂದ ಹೊರಗಿತ್ತು, ಮಂಜಿನ ಹಾಗೆ ತಣ್ಣಗಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ. ಬೆಚ್ಚಗಾಗಲಿಲ್ಲ.

ಜನವರಿ ೨೦, ಮಂಗಳವಾರ

ಫೈಗಾ ಚಿಕ್ಕಮ್ಮ ಇವತ್ತು ಬೆಳಿಗ್ಗೆ ಹೋದರು. ನೀನಾ ಹತ್ತಿರ ಇದ್ದಳು.

ಜನವರಿ ೨೧, ಬುಧವಾರ

ನಿನ್ನೆ ಸಂಜೆ ಬೆಟ್ಟಿ ಫೋನು ಮಾಡಿದಳು. ಹೆಲ್ಸಿಂಕಿಯಿಂದ ಬರಬೇಕಾದ ಇಬ್ಬರು ಹೆಂಗಸರು ಹಿಮ ಬಿದ್ದು ರೈಲು ನಿಂತದ್ದರಿಂದ ದಾರಿಯಲ್ಲೇ ಸಿಕ್ಕಿಕೊಂಡಿದ್ದಾರೆ. ಬೆಳಿಗ್ಗೆ ಮಣ್ಣಾಗಬೇಕು. ಬೆಟ್ಟಿಗೆ ಬಗ್ಗಲಾಗದು, ನೀನಾ ಒಬ್ಬಳಿಂದ ಎತ್ತಲಾಗದು. ಅವಳು ಬಾ ಎನ್ನಲಿಲ್ಲ. ಹೀಗಿದೆ ನೋಡು ಎಂದಳು, ಅಷ್ಟೇ. ಎಷ್ಟು ಹೊತ್ತಿಗೆ ಎಂದು ಕೇಳಿದೆ.

ಸ್ಮಶಾನದ ಪಕ್ಕದ ಆ ಪುಟ್ಟ ಕಟ್ಟಡದೊಳಗೆ ನಾನು ಯಾವತ್ತೂ ಹೋದವಳಲ್ಲ. ಬಿಳಿ ಗೋಡೆ, ಉದ್ದನೆಯ ಹಲಗೆ, ನೀರಿನ ಬಕೆಟ್ಟುಗಳು. ನೀನಾ ಒಲೆ ಹೊತ್ತಿಸಿ ನೀರು ಬೆಚ್ಚಗೆ ಮಾಡಿದ್ದಳು. ಬೆಟ್ಟಿ ಕುರ್ಚಿಯಲ್ಲಿ ಕೂತು ಪ್ರಾರ್ಥನೆ ಓದುತ್ತ, ಮುಂದೇನು ಎಂದು ಸಣ್ಣ ದನಿಯಲ್ಲಿ ಹೇಳಿಕೊಡುತ್ತಿದ್ದಳು. ಬೇರೆ ಮಾತಿಲ್ಲ. ಯಾವ ಭಾಗ ತೊಳೆಯುತ್ತೇವೋ ಅಷ್ಟನ್ನು ಮಾತ್ರ ಸರಿಸುವುದು, ತೊಳೆದು ಮತ್ತೆ ಮುಚ್ಚುವುದು. ಅವರ ಮೈ ಮೇಲಿಂದ ಒಂದು ಬಟ್ಟೆಯನ್ನೂ ದಾಟಿಸಿ ಕೊಡಬಾರದು, ಸುತ್ತಿಕೊಂಡು ಹೋಗಿಯೇ ಕೊಡಬೇಕು. ಬದುಕಿರುವವರ ಮೇಲೆ ಯಾರಾದರೂ ಸಾಮಾನು ದಾಟಿಸುತ್ತಾರೆಯೇ?

ಮೊದಲು ನನ್ನ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ನೀನಾ ನನ್ನ ಮಣಿಕಟ್ಟು ಹಿಡಿದು ಚಿಕ್ಕಮ್ಮನ ಭುಜದ ಕೆಳಗೆ ಇಟ್ಟಳು. ಎಷ್ಟು ಹಗುರವಿದ್ದರು! ಆಮೇಲೆ ಕೈ ತಾನೇ ಕಲಿತುಕೊಂಡಿತು. ಬೆರಳುಗಳನ್ನು ಒಂದೊಂದಾಗಿ ತೊಳೆದೆ. ಉಗುರಿನ ಕೆಳಗೆ ಹಿಟ್ಟು ಕಚ್ಚಿತ್ತು. ಆಸ್ಪತ್ರೆಗೆ ಹೋಗುವ ಮುಂಚಿನ ಶುಕ್ರವಾರದ್ದೇ ಇರಬೇಕು, ಸಬ್ಬತ್ತಿನ ಜಡೆರೊಟ್ಟಿಗೆ ಕಲಸಿದ್ದು. ಹಲ್ಲುಸೆಟ್ಟನ್ನು ತೊಳೆದು ಸರಿಯಾಗಿ ಕೂರಿಸಿದೆ. ಬಾಯಿ ತುಂಬಿ ಮುಖ ಮತ್ತೆ ಅವರದೇ ಆಯಿತು. ನೀರು ಹಾಕುವಾಗ ಬೆಚ್ಚಗಿದೆಯೋ ಎಂದು ನಾನೂ ನೋಡಿದೆ.

ಬಿಳಿ ನಾರುಮಡಿ ಉಡಿಸಿಯಾದ ಮೇಲೆ ಮೂವರೂ ಅವರ ಪಾದದ ಹತ್ತಿರ ನಿಂತೆವು. ಸತ್ತವರನ್ನು ಹೆಸರು ಹಿಡಿದು ಕರೆದು ಕ್ಷಮೆ ಕೇಳುವುದು ಕಡೆಯ ಕೆಲಸ. ನಮ್ಮ ಕೈಯಿಂದ ನಿಮ್ಮ ಮರ್ಯಾದೆಗೆ ಏನಾದರೂ ಕುಂದು ಬಂದಿದ್ದರೆ ಮನ್ನಿಸಿ ಎಂದು. ಬೆಟ್ಟಿ ಹೀಬ್ರೂವಿನಲ್ಲಿ ಹೇಳಿದಳು, ನೀನಾ ರಷ್ಯನ್ನಿನಲ್ಲಿ ಹೇಳಿದಳು. ನನ್ನ ಸರದಿ ಬಂದಾಗ ಬೆಟ್ಟಿಯ ಮುಖ ನೋಡಿದೆ. ಯಾವ ಭಾಷೆಯಾದರೂ ಆದೀತು ಎಂದಳು ಬೆಟ್ಟಿ.

ಹೇಳಿದೆ. ಚಿಕ್ಕಮ್ಮನ ಹೆಸರು ಹೇಳಿ ಕೇಳಿಕೊಂಡೆ. ಆಮೇಲೆ ಓಲವಿಯ ಹೆಸರೂ ಬಾಯಿಗೆ ಬಂತು. ಆ ಕೋಣೆಯಲ್ಲಿ ಅವನ ಹೆಸರು ಹೇಳಬಾರದಿತ್ತೇನೋ. ಇಬ್ಬರೂ ತಲೆ ತಗ್ಗಿಸಿ ನಿಂತಿದ್ದರು, ಯಾರೂ ಏನೂ ಅನ್ನಲಿಲ್ಲ.

ನೆಲ ಕಲ್ಲಾಗಿತ್ತು, ಯಂತ್ರ ತಂದು ತೋಡಿದ್ದರು. ಹೆಪ್ಪುಗಟ್ಟಿದ ಮಣ್ಣು ಪೆಟ್ಟಿಗೆಯ ಮೇಲೆ ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ. ರಾಫೇಲ್ ಪ್ರಾರ್ಥನೆ ಹೇಳುವಾಗ ಅತ್ತ.

ಜನವರಿ ೨೨, ಗುರುವಾರ

ಮಣ್ಣು ಮುಗಿದ ಮೇಲೆ ನಿನ್ನೆ ಗೇಟಿನ ಹತ್ತಿರ ಎಲ್ಲರೂ ಚಳಿಯಲ್ಲಿ ಹಾಗೇ ನಿಂತಿದ್ದರು. ಯಾರ ಮನೆಗೆ ಹೋಗುವುದು? ಸಂತೈಸಲು ಯಾರೂ ಇಲ್ಲ. ಸೂಪು ಮಾಡಿಟ್ಟವರು ಅದನ್ನು ಯಾರಿಗೆ ಒಯ್ಯಬೇಕು? ಊರಿನಲ್ಲಿ ಯಾರ ಮನೆಯ ಸಾವಿಗೂ ಮೊದಲು ಹೋಗಿ ಕೂರುತ್ತಿದ್ದವರಿಗೆ ಕೂರುವವರೇ ಇಲ್ಲ.

ರಾಫೇಲ್ ಹೇಳಿದ, ಹಳೆಯ ಮಾತು ಒಂದಿದೆ. ಅಳುವವರಿಲ್ಲದೆ ಸತ್ತವರ ಮನೆಗೆ ಊರಿನವರೇ ಹೋಗಿ, ಅವರ ಜಾಗದಲ್ಲಿ ಕೂರಬೇಕು. ಓದಿದ್ದೆ, ಮಾಡಿದ್ದನ್ನು ನೋಡಿಲ್ಲ ಎಂದ.

ಚಿಕ್ಕಮ್ಮನ ಮನೆಯ ಬೀಗ ತೆಗೆದೆವು. ಶೋಕದ ಮನೆಯೆಂದು ಕನ್ನಡಿಗೆ ನೀನಾ ಬಟ್ಟೆ ಮುಚ್ಚಿದಳು. ಗಂಡಸರು ಕುರ್ಚಿ ಜೋಡಿಸಿದರು. ಕಿಟಕಿಯ ಹತ್ತಿರ ಒಂದು ಗಿಡ್ಡ ಮಣೆ ಇತ್ತು, ಅವರು ಮೇಲಿನ ಕಪಾಟು ತೆಗೆಯಲು ಹತ್ತಿ ನಿಲ್ಲುತ್ತಿದ್ದದ್ದು. ಅದನ್ನು ನಡುವೆ ತಂದಿಟ್ಟರು. ಎಲ್ಲರೂ ಅದರ ಸುತ್ತ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ರಾಫೇಲ್ ತಾನು ಕೂರಲೋ ಎಂದ. ಬೆಟ್ಟಿಗೆ ಕೂತರೆ ಏಳಲಾಗುವುದಿಲ್ಲ.

ನನಗೆ ನಿಂತು ನಿಂತು ಸಾಕಾಗಿತ್ತು. ಹೋಗಿ ಕೂತೆ.

ಒಬ್ಬೊಬ್ಬರಾಗಿ ಮುಂದೆ ಬಂದರು. ಚೀಯೋನಿಗಾಗಿ, ಯೆರೂಸಲೇಮಿಗಾಗಿ ಅಳುವವರೆಲ್ಲರ ನಡುವೆ ದೇವರು ನಿನ್ನನ್ನೂ ಸಂತೈಸಲಿ ಎಂದು ನನಗೆ ಹೇಳಿ, ಬದಿಯ ಕುರ್ಚಿಗಳಲ್ಲಿ ಕೂತರು. ಬಾರ್ಲಿ ಸೂಪು ಬಂತು. ಉಪ್ಪು ಜಾಸ್ತಿಯಾಗಿತ್ತು, ಬೆಟ್ಟಿಯದು.

ಜನವರಿ ೨೫, ಭಾನುವಾರ

ಕೆಳಗಿನ ಮನೆಯ ಮುದುಕ ಮೇಲೆ ಬಂದಿದ್ದ. ಫಿನ್ನಿಷ್ ಮನುಷ್ಯ, ವರ್ಷಾನುಗಟ್ಟಲೆ ಚಿಕ್ಕಮ್ಮನ ಹೆಜ್ಜೆ ಸದ್ದು ಕೇಳುತ್ತ ಬದುಕಿದವನು. ನಾಲ್ಕು ದಿನದಿಂದ ಇಷ್ಟೊಂದು ಕಾಲು ಮೇಲೆ ಓಡಾಡುತ್ತಿವೆ, ಮನೆ ಮಾರಾಟಕ್ಕಿದೆಯೇ ಎಂದು ಕೇಳಲು ಬಂದನಂತೆ. ತೀರಿಹೋದರು ಎಂದೆ. ಟೋಪಿ ತೆಗೆದು ಬಾಗಿಲಲ್ಲೇ ನಿಂತ. ಅವರಿಗೆ ಯಾರೂ ಇಲ್ಲ ಅಂದುಕೊಂಡಿದ್ದೆ, ನೀವೆಲ್ಲ ಏನಾಗಬೇಕು ಎಂದು ಕೇಳಿದ.

ಮನೆಯವರು ಎಂದೆ. ಒಳಗೆ ಬಂದು ಸೂಪು ಕುಡಿದು ಹೋದ. ಪಾಪ, ಅವನಿಗೂ ಯಾರೂ ಇದ್ದ ಹಾಗಿಲ್ಲ.

ಜನವರಿ ೨೭, ಮಂಗಳವಾರ

ಇವತ್ತು ಎದ್ದೆವು. ಶೋಕ ಮುಗಿಸಿ ಏಳುವ ಬೆಳಿಗ್ಗೆ ಮನೆಯ ಸುತ್ತ ಒಂದು ಸುತ್ತು ನಡೆದು ಬರಬೇಕು, ಮತ್ತೆ ಜನರ ನಡುವೆ ಬಂದೆವೆಂದು ತೋರಿಸಲು. ರಾಫೇಲ್ ಕನ್ನಡಿಯ ಬಟ್ಟೆ ತೆಗೆದು ಕೆಲಸಕ್ಕೆ ಹೋದ. ನಾವು ಮೂವರು ಹೆಂಗಸರು ಕೋಟು ಹಾಕಿಕೊಂಡು ಹೊರಟೆವು.

ಮೂಲೆಯಲ್ಲಿ ಎಡಕ್ಕೆ ತಿರುಗಬೇಕಿತ್ತು. ನಾನು ತಿರುಗಲಿಲ್ಲ. ಅವರಿಬ್ಬರೂ ಎಲ್ಲಿಗೆ ಎಂದು ಕೇಳಲಿಲ್ಲ. ಸೇತುವೆ ದಾಟಿದ ಮೇಲೆ ಬೆಟ್ಟಿಯ ಮೊಣಕಾಲು ನೋಡಿ ಬಸ್ಸು ಹತ್ತಿದೆವು.

ಓಲವಿಯ ಕಲ್ಲು ಇನ್ನೂ ನಿಲ್ಲಿಸಿಲ್ಲ. ಮರದ ಗುರುತಿನ ಮೇಲೆ ಹಿಮ ಕೂತಿತ್ತು, ನೀನಾ ತೋಳಿನಿಂದ ಒರೆಸಿದಳು. ಹೆಸರು ಓದಿದಳು, ತಪ್ಪಾಗಿ ಓದಿದಳು, ನಾನು ತಿದ್ದಿದೆ. ಅವನ ಪಕ್ಕದ ಜಾಗ ನನಗೆಂದು ಎರ್ಕಿ ತೆಗೆದಿಟ್ಟಿದ್ದಾನೆ. ಅಮ್ಮನ ಪಕ್ಕದಲ್ಲಿಯೂ ನನಗೊಂದು ಜಾಗ ಹಾಗೇ ಇದೆ. ಎಷ್ಟೋ ದಿನದಿಂದ ಯಾರಿಗೂ ಹೇಳದ್ದನ್ನು ಅಲ್ಲಿ ನಿಂತು ಹೇಳಿದೆ. ನಾನು ಮಲಗುವುದು ಇಲ್ಲೇ, ಇವನ ಹತ್ತಿರ. ಆದರೆ ಆಗ ನನ್ನನ್ನು ತೊಳೆಯುವವರು ಯಾರು?

ನೀನಾ ಸರಿಯಾದ ಮಾತಿಗಾಗಿ ಸ್ವಲ್ಪ ಹೊತ್ತು ಹುಡುಕಿದಳು.

"ತೊಳೆಯೋದು ನಮ್ಮ ಕೆಲಸ. ಎಲ್ಲಿ ಮಲಗೋದು, ಅದು ನಿಮ್ಮದು."

ರಬ್ಬಿ ಏನಂತಾರೋ ಎಂದೆ. ಕೇಳಿದರೆ ತಾನೇ ಅನ್ನೋದು ಎಂದಳು ಬೆಟ್ಟಿ. ಆಮೇಲೆ, ಎಂಬತ್ತರ ಹತ್ತಿರ ಬಂದವಳು ನಾನು, ಮೊದಲು ನನ್ನ ಸರದಿ, ನುಗ್ಗಬೇಡ ಎಂದು ಬೈದಳು. ಮೂವರೂ ಅಲ್ಲಿ ಸ್ವಲ್ಪ ಹೊತ್ತು ನಿಂತೆವು. ಅಳು ಬಂತು, ಯಾರೂ ತಡೆಯಲಿಲ್ಲ. ಚಳಿ ಬಹಳವಿತ್ತು.

ಬಸ್ಸಿನಲ್ಲಿ ಬರುವಾಗ ಬೆಟ್ಟಿ, ಚಿಕ್ಕಮ್ಮನಿಗೆ ಉಡಿಸಿದ್ದೇ ಕಪಾಟಿನಲ್ಲಿದ್ದ ಕೊನೆಯ ಜೊತೆ ಎಂದಳು. ಹೊಸ ನಾರುಮಡಿ ಬಟ್ಟೆ ತಂದಿಟ್ಟಿದ್ದಾಳೆ, ಈ ವಾರವೇ ಹೊಲಿದಿಡಬೇಕು. ಯಾರಿಗೆ ಎಂದು ನಾನು ಕೇಳಲಿಲ್ಲ. ನಮ್ಮನೆಯ ಮೇಜು ದೊಡ್ಡದು, ಗುರುವಾರ ಅಲ್ಲೇ ಕೂರುವುದೆಂದಾಯಿತು. ಅದಕ್ಕೆ ಎಲ್ಲಿಯೂ ಗಂಟು ಹಾಕುವಂತಿಲ್ಲವಂತೆ. ಗಂಟು ಹಾಕದಿದ್ದರೆ ದಾರ ಬಿಚ್ಚಿಹೋಗುವುದಿಲ್ಲವೇ ಎಂದು ಕೇಳಿದೆ.

"ಇಲ್ಲ," ಎಂದಳು ಬೆಟ್ಟಿ. "ಪಕ್ಕದ ಹೊಲಿಗೆ ಹಿಡ್ಕೊಂಡಿರ್ತದೆ."